ಟರ್ನ್‌ಬಕಲ್ ಎಷ್ಟು ಬಿಗಿಯಬೇಕು? ಪಿಕಪ್ ಬೆಡ್ಡಿನಲ್ಲಿ ಕ್ಯಾಂಪರ್ ಕದಲದಂತೆ ನಿಲ್ಲಿಸುವ ಬಗೆ

ಪ್ರಶ್ನೆ: ನಾವು ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ಬಳಿ ನೆಲೆಸಿರುವ ಕನ್ನಡ ಕುಟುಂಬದವರು. ನಮ್ಮಲ್ಲಿ 2018ರ ಫೋರ್ಡ್ ಎಫ್-150 ಪಿಕಪ್ ಇದೆ. ಬೆಡ್ಡಿನೊಳಗೆ, ಅಂದರೆ ಹಿಂದಿನ ತೆರೆದ ಸರಕಿನ ತೊಟ್ಟಿಯೊಳಗೆ ಕೂರುವ, ಛಾವಣಿಯನ್ನು ಎತ್ತಿ ಇಳಿಸಬಹುದಾದ ಹಳೆಯ ಕ್ಯಾಂಪರ್ (ಪ್ರಯಾಣದಲ್ಲಿ ತಂಗುವ ಪುಟ್ಟ ಮನೆ) ಒಂದನ್ನು ಕೊಂಡು, ಅದರೊಂದಿಗೆ ಬಂದ, ನಡುವಿನ ದೇಹವನ್ನು ತಿರುಗಿಸಿ ಬಿಗಿಯುವ ನಾಲ್ಕು ಟರ್ನ್‌ಬಕಲ್‌ಗಳಿಂದಲೇ ಬೆಡ್ಡಿನ ನೆಲದ, ತಲೆಯಲ್ಲಿ ಕಣ್ಣಿನಂಥ ಬಳೆಯಿರುವ ಐ-ಬೋಲ್ಟ್‌ಗಳಿಗೆ ಬಿಗಿದಿದ್ದೇವೆ. ಯೂಟಾ ರಾಜ್ಯದ ಮೋಆಬ್ ಸುತ್ತಲಿನ ಏರುಪೇರಿನ ಮಣ್ಣುರಸ್ತೆಗಳಲ್ಲಿ ಓಡಾಡಿ ಬಂದ ಮೇಲೆ ನೋಡಿದರೆ, ಹಿಂದಿನ ಒಂದು ಟರ್ನ್‌ಬಕಲ್ ಪೂರ್ತಿ ಸಡಿಲವಾಗಿ ನೇತಾಡುತ್ತಿತ್ತು. ಮುಂದಿನ ಒಂದರ ಕೊಕ್ಕೆ ಬಾಯ್ದೆರೆದಿತ್ತು. ಹೊರಡುವಾಗ ಕಬ್ಬಿಣದ ಸರಳು ತೂರಿಸಿ ಶಕ್ತಿಯಿದ್ದಷ್ಟೂ ಬಿಗಿದಿದ್ದೆ. ಇನ್ನೂ ಬಿಗಿಯಬೇಕಿತ್ತು ಎಂದು ಒಬ್ಬ ಸ್ನೇಹಿತರು, ಕ್ಯಾಂಪರಿನ ತೂಕವೇ ಅದನ್ನು ಹಿಡಿದಿಡುತ್ತದೆ ಎಂದು ಇನ್ನೊಬ್ಬರು, ಬೆಡ್ಡನ್ನು ಬಿಟ್ಟು ಗಾಡಿಯ ಕೆಳಗಿನ ಫ್ರೇಮಿಗೇ ಬಿಗಿಯುವ ಟೈ-ಡೌನ್ (ಭಾರವನ್ನು ಕಟ್ಟಿ ಹಿಡಿಯುವ ಸಾಧನ) ಹಾಕಿಸಿ ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ನಮ್ಮ ಪಿಕಪ್ಪಿನ ಬೆಡ್ ಅಲ್ಯೂಮಿನಿಯಂನದು. ಬೋಲ್ಟ್ ಅದನ್ನು ಹರಿದುಬಿಡುವುದೇ ಎಂಬ ಭಯವೂ ಇದೆ. ಚಳಿಗಾಲದಲ್ಲಿ ಕ್ಯಾಂಪರನ್ನು ಇಳಿಸದೆ ಹಾಗೇ ಬಿಡಬಹುದೇ? ಏನು ಮಾಡಬೇಕು?

ಉತ್ತರ: ನಿಮ್ಮನ್ನು ಕಾಡುತ್ತಿರುವ ಗೊಂದಲ ಅರ್ಥವಾಗುತ್ತದೆ. ಶಕ್ತಿ ಮೀರಿ ಬಿಗಿದದ್ದೇ ನಿಜವಾದರೆ ಒಂದು ಏಕೆ ಸಡಿಲವಾಯಿತು, ಸಡಿಲವಾಗಿದ್ದರೆ ಇನ್ನೊಂದರ ಕೊಕ್ಕೆ ಏಕೆ ಬಾಯ್ದೆರೆಯಿತು? ಈ ಎರಡು ಹಾನಿಗಳು ಒಂದಕ್ಕೊಂದು ವಿರುದ್ಧವಲ್ಲ. ವಾಹನಗಳ ಮೇಲೆ ಭಾರವನ್ನು ಭದ್ರಪಡಿಸುವ ಕೆಲಸದಲ್ಲಿರುವ ನಾನು ಇವೆರಡನ್ನೂ ಒಂದೇ ಕ್ಯಾಂಪರಿನಲ್ಲಿ ಜೊತೆಜೊತೆಯಾಗಿ ನೋಡುತ್ತಲೇ ಇರುತ್ತೇನೆ. ಇವುಗಳ ಮೂಲವೂ ಒಂದೇ: ನಿಮ್ಮ ಕಟ್ಟುವಿಕೆಯಲ್ಲಿ ಎಲ್ಲವೂ ಬಿರುಸಾಗಿದೆ, ಸ್ವಲ್ಪವಾದರೂ ಎಳೆದು ಮರಳುವ ಗುಣ ಅದರಲ್ಲಿ ಎಲ್ಲಿಯೂ ಇಲ್ಲ. ಇದನ್ನು ವಿವರಿಸುವ ಮೊದಲು ನಿಮ್ಮ ಸ್ನೇಹಿತರ ಮಾತುಗಳನ್ನು ಪರಿಶೀಲಿಸೋಣ.

ತೂಕವೇ ಹಿಡಿದಿಡುತ್ತದೆ ಎಂಬ ಮಾತು ನಿಂತ ವಾಹನದ ಮಟ್ಟಿಗೆ ನಿಜ. ನೀರು, ಗ್ಯಾಸ್, ಬ್ಯಾಟರಿ, ಸಾಮಾನು ಎಲ್ಲ ಸೇರಿ ನಿಮ್ಮ ಕ್ಯಾಂಪರ್ 1,700 ಪೌಂಡ್, ಅಂದರೆ ಸುಮಾರು 770 ಕಿಲೋ ಇದೆ ಎಂದುಕೊಳ್ಳೋಣ. ಅಮೆರಿಕದಲ್ಲಿ ವಾಣಿಜ್ಯ ಲಾರಿಗಳ ಸರಕು ಭದ್ರತೆಗೆ ಇರುವ ಕೇಂದ್ರ ಸರ್ಕಾರದ ನಿಯಮದಂತೆ, ಬ್ರೇಕ್ ಹಾಕಿದಾಗ ಮುಂದಕ್ಕೆ ಗುರುತ್ವದ 0.8 ಪಟ್ಟು, ಹಿಂದಕ್ಕೂ ಪಕ್ಕಕ್ಕೂ 0.5 ಪಟ್ಟು ಬಲವನ್ನು ಕಟ್ಟು ತಡೆಯಬೇಕು. ಸ್ವಂತ ಬಳಕೆಯ ಪಿಕಪ್ಪಿಗೆ ಆ ನಿಯಮ ಅನ್ವಯಿಸದಿದ್ದರೂ ಅಳತೆಗೋಲಾಗಿ ಅದು ಬಹಳ ಉಪಯುಕ್ತ, ಏಕೆಂದರೆ ರಸ್ತೆಯಲ್ಲಿ ನಿಜವಾಗಿ ಒದಗುವ ಗಟ್ಟಿ ಬ್ರೇಕು ಮತ್ತು ತಿರುವುಗಳನ್ನು ನೋಡಿಯೇ ಆ ಅಂಕಿಗಳನ್ನು ಇಟ್ಟಿದ್ದಾರೆ. ಲೆಕ್ಕ ಹಾಕಿದರೆ ಮುಂದಕ್ಕೆ 1,360 ಪೌಂಡ್, ಪಕ್ಕಕ್ಕೆ 850 ಪೌಂಡ್ ಬಲ ಬರುತ್ತದೆ. ಬೆಡ್ಡಿನಲ್ಲಿ ಒಳ್ಳೆಯ ರಬ್ಬರ್ ಹಾಸು ಇದ್ದರೆ, ಅದು ಒಣಗಿದ್ದರೆ, ಘರ್ಷಣೆಯೇ ಇದರ ದೊಡ್ಡ ಪಾಲನ್ನು ಹೊರುತ್ತದೆ. ನುಣುಪಾದ ಪ್ಲಾಸ್ಟಿಕ್ ಲೈನರ್ ಮೇಲೆ, ಅದರಲ್ಲೂ ಅದು ಒದ್ದೆಯಾಗಿದ್ದಾಗ, ಘರ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ. ನಿಮ್ಮ ಬೆಡ್ಡಿನಲ್ಲಿ ಅಂಥ ಲೈನರ್ ಇದ್ದರೆ ಬೇರೇನೂ ಮಾಡುವ ಮೊದಲು ಅದನ್ನು ತೆಗೆದು ರಬ್ಬರ್ ಹಾಸು ಹಾಕಿ.

ಆದರೆ ಘರ್ಷಣೆಗೆ ಒಂದು ದೊಡ್ಡ ದೌರ್ಬಲ್ಯವಿದೆ. ಅದು ಕ್ಯಾಂಪರ್ ಬೆಡ್ಡನ್ನು ಎಷ್ಟು ಒತ್ತುತ್ತಿದೆಯೋ ಅದಕ್ಕೆ ತಕ್ಕಷ್ಟೇ ಇರುತ್ತದೆ. ಮೋಆಬ್ ಸುತ್ತಲಿನಂಥ ಅಲೆಅಲೆಯಾದ ಮಣ್ಣುರಸ್ತೆಯಲ್ಲಿ ಹಿಂದಿನ ಚಕ್ರಗಳು ಪ್ರತಿ ಏಣಿನ ಮೇಲೆ ಹತ್ತಿ ಇಳಿಯುವಾಗ ಬೆಡ್ ಕೆಳಕ್ಕೆ ಕುಸಿಯುತ್ತದೆ. ಕ್ಯಾಂಪರ್ ಅದರ ಹಿಂದೆಯೇ ಬೀಳಬೇಕು. ಬೆಡ್ ಗುರುತ್ವಕ್ಕಿಂತ ವೇಗವಾಗಿ ಕುಸಿದ ಆ ಕ್ಷಣದಲ್ಲಿ ಕ್ಯಾಂಪರಿಗೆ ಬೆಡ್ಡಿನ ಮೇಲೆ ತೂಕವೇ ಇರುವುದಿಲ್ಲ, ತೂಕವಿಲ್ಲದಿದ್ದರೆ ಘರ್ಷಣೆಯೂ ಇಲ್ಲ. ಆಗ ಕ್ಯಾಂಪರನ್ನು ಹಿಡಿದಿಡುವುದು ಟೈ-ಡೌನ್ ಮಾತ್ರ. ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಹೋಗುವಾಗ ಕ್ಯಾಬಿನ ಮೇಲೆ ಚಾಚಿರುವ ಕ್ಯಾಂಪರಿನ ಮೂತಿಯನ್ನು ಗಾಳಿ ಮೇಲಕ್ಕೆತ್ತುವಾಗಲೂ, ಎದುರಿನಿಂದ ಬಂದ ಭಾರಿ ಟ್ರಕ್ ಪಕ್ಕದಲ್ಲಿ ಹಾದು ಅಡ್ಡಗಾಳಿ ಬಡಿದಾಗಲೂ ಹೀಗೆಯೇ. ತೂಕವನ್ನು ನಂಬಿ ಎಂದ ಸ್ನೇಹಿತರ ಮಾತನ್ನು ಕೇಳಬೇಡಿ. ಕೈತಪ್ಪಿದ ಕ್ಯಾಂಪರ್ ಹಿಂದೆ ಬರುವವರ ಮೇಲೆ ಬೀಳುತ್ತದೆ.

ಇನ್ನೂ ಬಿಗಿಯಬೇಕಿತ್ತು ಎಂಬ ಸಲಹೆ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಜವಾಬ್ದಾರಿಯ ಮಾತಿನಂತೆ ಕೇಳಿಸುತ್ತದೆ. ಟರ್ನ್‌ಬಕಲ್ ಎಂಥ ಶಕ್ತಿಶಾಲಿ ಸಾಧನ ಎಂಬುದು ಅದನ್ನು ಕೈಯಲ್ಲಿ ಹಿಡಿದವರಿಗೆ ತಿಳಿಯುವುದಿಲ್ಲ. ಅದರ ಒಂದು ತುದಿಯಲ್ಲಿ ಬಲಮರೆ (ಬಲಕ್ಕೆ ಸುತ್ತಿದ ಸ್ಕ್ರೂ ಸುರುಳಿ), ಇನ್ನೊಂದರಲ್ಲಿ ಎಡಮರೆ ಇರುವುದರಿಂದ ನಡುವಿನ ದೇಹವನ್ನು ತಿರುಗಿಸಿದಾಗ ಎರಡೂ ತುದಿಗಳು ಒಟ್ಟಿಗೆ ಒಳಗೆ ಬರುತ್ತವೆ. ಅರ್ಧ ಇಂಚಿನ ಟರ್ನ್‌ಬಕಲ್ಲಿನಲ್ಲಿ ಇಂಚಿಗೆ 13 ಮರೆಗಳಿರುತ್ತವೆ. ಹಾಗಾಗಿ ಪೂರ್ತಿ ಒಂದು ಸುತ್ತಿಗೆ ಅದು ಸುಮಾರು 4 ಮಿಲಿಮೀಟರ್ ಮಾತ್ರ ಗಿಡ್ಡವಾಗುತ್ತದೆ. ಇಷ್ಟು ನಿಧಾನದ ಚಲನೆ ಎಂದರೆ ಅಷ್ಟೇ ದೊಡ್ಡ ಬಲ. ಒಂದು ಅಡಿ ಉದ್ದದ ಸರಳು ತೂರಿಸಿ ಬರೀ 20 ಪೌಂಡ್ ಒತ್ತಡ ಹಾಕಿದರೆ, ಮರೆಗಳ ಘರ್ಷಣೆಯಲ್ಲಿ ಹೋಗುವ ಬಹುಪಾಲನ್ನು ಕಳೆದ ಮೇಲೂ, ಎಣ್ಣೆ ಹಚ್ಚಿದ ಟರ್ನ್‌ಬಕಲ್ಲಿನಲ್ಲಿ 1,500 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಸೆಳೆತ ಹುಟ್ಟಬಲ್ಲದು. ಒಬ್ಬ ದೊಡ್ಡವರು ಮೈಭಾರ ಹಾಕಿ ಎಳೆದರೆ ಅದು ಇನ್ನೆಷ್ಟೋ ಪಟ್ಟು.

ಈಗ ಈ ಅಂಕಿಯನ್ನು ಟರ್ನ್‌ಬಕಲ್ಲಿನ ಸಾಮರ್ಥ್ಯದ ಪಕ್ಕದಲ್ಲಿಡಿ. ಬಡಿದು ರೂಪಿಸಿದ ಒಳ್ಳೆಯ ಉಕ್ಕಿನ ಅರ್ಧ ಇಂಚಿನ ಟರ್ನ್‌ಬಕಲ್ಲಿಗೆ, ತುದಿಯಲ್ಲಿ ಕೊಕ್ಕೆ ಇದ್ದರೆ, ಸುರಕ್ಷಿತ ಕೆಲಸದ ಮಿತಿ 1,500 ಪೌಂಡ್. ಅದೇ ಗಾತ್ರದ್ದಕ್ಕೆ ಕೊಕ್ಕೆಯ ಬದಲು ಮುಚ್ಚಿದ ಕಣ್ಣು ಅಥವಾ ಜಾ (ಅಡ್ಡಕ್ಕೆ ಪಿನ್ ಹಾಕುವ ಕವಲು ತುದಿ) ಇದ್ದರೆ ಮಿತಿ 2,200 ಪೌಂಡ್. ವ್ಯತ್ಯಾಸಕ್ಕೆ ಕಾರಣ ಸರಳ. ಮುಚ್ಚಿದ ಕಣ್ಣಿನಲ್ಲಿ ಭಾರ ಎರಡೂ ಬದಿಗೆ ಹಂಚಿಕೊಳ್ಳುತ್ತದೆ; ಕೊಕ್ಕೆಯಲ್ಲಿ ಅದು ಒಂದೇ ಬದಿಗೆ ಬಿದ್ದು, ಬಾಗಿದ ಭಾಗವನ್ನು ನೇರ ಮಾಡಲು ಯತ್ನಿಸುತ್ತದೆ. ನೀವು ಸರಳಿನಿಂದ ಬಿಗಿದಾಗಲೇ, ಗಾಡಿ ಮನೆಯ ಅಂಗಳ ಬಿಡುವ ಮೊದಲೇ, ಆ ಕೊಕ್ಕೆ ತನ್ನ ಮಿತಿಯ ಅಂಚಿಗೆ ಬಂದಿರಬಹುದು. ರಸ್ತೆಯ ಹೊಡೆತಕ್ಕೆ ಉಳಿದ ಅವಕಾಶ ಬಹಳ ಕಡಿಮೆಯಿತ್ತು. ಹಳೆಯ ಕ್ಯಾಂಪರಿನೊಂದಿಗೆ ಬಂದ ಟರ್ನ್‌ಬಕಲ್‌ಗಳ ಮೇಲೆ ಮಿತಿಯನ್ನೂ ತಯಾರಕರ ಗುರುತನ್ನೂ ಅಚ್ಚೊತ್ತಿದೆಯೇ ಎಂದು ನೋಡಿ. ಏನೂ ಇಲ್ಲದಿದ್ದರೆ, ಅಥವಾ ನಡುವಿನ ದೇಹ ಹಗುರ ಅಲ್ಯೂಮಿನಿಯಂನದಾಗಿದ್ದರೆ, ಅವು ಬೇಲಿಯ ತಂತಿ ಎಳೆಯಲು ಅಂಗಡಿಗಳಲ್ಲಿ ಮಾರುವ ಬಗೆಯವಾಗಿರಬಹುದು. ಅಂಥವುಗಳ ಮಿತಿ ಕೆಲವೇ ನೂರು ಪೌಂಡ್. ಬಾಯ್ದೆರೆದ ಕೊಕ್ಕೆಯನ್ನು ಸುತ್ತಿಗೆಯಿಂದ ಬಡಿದು ಮತ್ತೆ ಬಾಗಿಸಿ ಬಳಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಮ್ಮೆ ಮಿತಿ ಮೀರಿ ಬಾಗಿದ ಲೋಹ ಎರಡನೆಯ ಸಲ ಎಚ್ಚರಿಕೆ ಕೊಡದೆ ಮುರಿಯಬಹುದು. ಅದರ ಜೊತೆಗಾರ ಮೂರನ್ನೂ ಸೇರಿಸಿ ನಾಲ್ಕನ್ನೂ ಬದಲಾಯಿಸಿ.

ಇನ್ನು, ಅಷ್ಟು ಬಿಗಿದದ್ದು ಸಡಿಲವಾದದ್ದು ಹೇಗೆ ಎಂಬ ಪ್ರಶ್ನೆ. ನಮ್ಮ ಊರುಗಳಲ್ಲಿ ಹುಲ್ಲು ಹೇರಿದ ಗಾಡಿಗೆ ಹಗ್ಗ ಹಾಕಿ ಬಿಗಿಯುವುದನ್ನು ನೀವು ನೋಡಿರುತ್ತೀರಿ. ಹಗ್ಗ ಬಿಗಿದಾಗ ಹುಲ್ಲು ಅಮುಕಿಕೊಳ್ಳುತ್ತದೆ, ದಾರಿಯಲ್ಲಿ ಹುಲ್ಲು ಒಂದು ಗೇಣು ತಗ್ಗಿದರೂ ಅದು ಮತ್ತೆ ಉಬ್ಬಿ ಹಗ್ಗವನ್ನು ಒತ್ತಿ ಹಿಡಿಯುವುದರಿಂದ ಬಿಗಿತ ಸ್ವಲ್ಪ ಇಳಿಯುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ನಿಮ್ಮ ಕ್ಯಾಂಪರಿನಲ್ಲಿ ಹುಲ್ಲಿನ ಆ ಕೆಲಸ ಮಾಡುವ ವಸ್ತುವಿಲ್ಲ. ಒಂದು ಗೇಣು ಉದ್ದದ ಉಕ್ಕಿನ ಟರ್ನ್‌ಬಕಲ್, ಉಕ್ಕಿನ ಐ-ಬೋಲ್ಟ್, ಅವುಗಳ ನಡುವೆ ಗಟ್ಟಿಯಾದ ಕ್ಯಾಂಪರಿನ ಬುಡ. ಇಂಥ ಕಡ್ಡಿಯಂಥ ಜೋಡಣೆಯಲ್ಲಿ ಸಾವಿರ ಪೌಂಡ್ ಸೆಳೆತ ಹುಟ್ಟುವುದಕ್ಕೂ ಅದು ಸೊನ್ನೆಯಾಗುವುದಕ್ಕೂ ನಡುವಿನ ಅಂತರ ಒಂದೆರಡು ಮಿಲಿಮೀಟರ್ ಮಾತ್ರ. ರಬ್ಬರ್ ಹಾಸು ಭಾರಕ್ಕೆ ಅಷ್ಟು ಅಮುಕಿದರೆ, ಕ್ಯಾಂಪರಿನ ಮರದ ಬುಡ ಅಷ್ಟು ಕುಳಿತರೆ, ಐ-ಬೋಲ್ಟಿನ ಕೆಳಗಿನ ವಾಷರ್ ತಗಡಿನೊಳಗೆ ಅಷ್ಟು ತಗ್ಗಿದರೆ, ಬಿಗಿತವೆಲ್ಲ ಹೋಯಿತು. ಬಿಗಿತ ಹೋದ ಮೇಲೆ ಮರೆಗಳನ್ನು ಹಿಡಿದಿದ್ದ ಘರ್ಷಣೆಯೂ ಹೋಗುತ್ತದೆ, ಆಗ ಅದುರುವಿಕೆಗೆ ಟರ್ನ್‌ಬಕಲ್ ತಾನಾಗಿಯೇ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ.

ಅಲ್ಲಿಂದ ಮುಂದೆ ನಿಮ್ಮ ಕೊಕ್ಕೆಗೆ ಏನಾಗಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಒಂದು ಮೂಲೆ ಸಡಿಲವಾದಾಗ ಕ್ಯಾಂಪರ್ ಆ ಬದಿಗೆ ಎದ್ದು ಬೀಳತೊಡಗುತ್ತದೆ, ಆ ಎದ್ದು ಬೀಳುವ ಭಾರವನ್ನೆಲ್ಲ ಉಳಿದ ಮೂರು, ಹೆಚ್ಚಾಗಿ ಕರ್ಣದ ಎದುರು ಮೂಲೆಯದು, ಹೊರುತ್ತದೆ. ಚಲಿಸುತ್ತಿರುವ ಭಾರವನ್ನು ತಡೆದು ನಿಲ್ಲಿಸಲು ಬೇಕಾಗುವ ಬಲ, ಅದನ್ನು ಎಷ್ಟು ದೂರದೊಳಗೆ ನಿಲ್ಲಿಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಬಿರುಸಾದ ಟರ್ನ್‌ಬಕಲ್ ಅದನ್ನು 3 ಮಿಲಿಮೀಟರಿನಲ್ಲಿ ನಿಲ್ಲಿಸಿದರೆ ಮತ್ತು ಒಂದು ಸ್ಪ್ರಿಂಗ್ ಅದನ್ನೇ 25 ಮಿಲಿಮೀಟರಿನಲ್ಲಿ ನಿಲ್ಲಿಸಿದರೆ, ಎರಡನೆಯದರಲ್ಲಿ ಸರಾಸರಿ ಬಲ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಸ್ಪ್ರಿಂಗ್ ಇರುವ ಟರ್ನ್‌ಬಕಲ್‌ಗಳಿಗೆ ಜನ ಹೆಚ್ಚು ಹಣ ತೆರುವುದು ಇದಕ್ಕಾಗಿ. ಅವು ಕ್ಯಾಂಪರನ್ನು ಹೆಚ್ಚು ಗಟ್ಟಿಯಾಗಿ ಒತ್ತುವುದಿಲ್ಲ. ಹಾಸು ಅಮುಕಿದಾಗ ತಾವೇ ಸ್ವಲ್ಪ ಒಳಸರಿದು ಬಿಗಿತವನ್ನು ಉಳಿಸುತ್ತವೆ, ಹೊಡೆತ ಬಂದಾಗ ಸ್ವಲ್ಪ ಹೊರಸರಿದು ಅದನ್ನು ನುಂಗುತ್ತವೆ.

ಅತಿಯಾಗಿ ಬಿಗಿಯುವುದರ ಇನ್ನೊಂದು ಹಾನಿ ಕಣ್ಣಿಗೆ ಕಾಣದೆ ಆಗುವಂಥದು. ಪಿಕಪ್ಪಿನ ಫ್ರೇಮ್ ಏಣಿಯಂತೆ ಎರಡು ಉದ್ದ ತೊಲೆ ಮತ್ತು ಅಡ್ಡಪಟ್ಟಿಗಳಿಂದ ಆದದ್ದು. ಒಂದು ಚಕ್ರ ಹಳ್ಳಕ್ಕಿಳಿದಾಗ ಅದು ತಿರುಚಿಕೊಳ್ಳಬೇಕು. ಅದನ್ನು ಹಾಗೆಂದೇ ಮಾಡಿದ್ದಾರೆ. ಕ್ಯಾಂಪರ್ ಮಾತ್ರ ಪೆಟ್ಟಿಗೆಯಂತೆ ಬಿರುಸಾಗಿರುತ್ತದೆ. ನಾಲ್ಕು ಮೂಲೆಗಳನ್ನೂ ಕಡ್ಡಿಗಟ್ಟಿದಂತೆ ಬಿಗಿದುಬಿಟ್ಟರೆ ಫ್ರೇಮಿನ ತಿರುಚುವಿಕೆಯೆಲ್ಲ ಕ್ಯಾಂಪರಿನ ಆಧಾರಬಿಂದುಗಳ ಮೇಲೆ ಬೀಳುತ್ತದೆ. ಹಳೆಯ ಕ್ಯಾಂಪರ್‌ಗಳಲ್ಲಿ ಆ ಆಧಾರ ಎಂದರೆ ಮರದ ಚೌಕಟ್ಟಿಗೆ ಬೋಲ್ಟ್ ಹಾಕಿದ ಒಂದು ತಗಡು. ಮೂಲೆಯ ಕೀಲುಗಳಲ್ಲಿ ಎಂದೋ ನೀರು ಸೋರಿ ಮರ ಮೆತ್ತಗಾಗಿದ್ದರೆ, ಟರ್ನ್‌ಬಕಲ್ ಸರಿಯಾಗಿಯೇ ಇರುತ್ತದೆ, ಕ್ಯಾಂಪರಿನ ಬುಡವೇ ಕಿತ್ತು ಬರುತ್ತದೆ. ಕೊಳ್ಳುವವರು ಮೇಲ್ಛಾವಣಿಯ ಬಟ್ಟೆ ಹರಿದಿದೆಯೇ, ಫ್ರಿಜ್ ನಡೆಯುತ್ತದೆಯೇ ಎಂದೆಲ್ಲ ನೋಡುತ್ತಾರೆ. ಈ ನಾಲ್ಕು ಆಧಾರಗಳನ್ನು ನೋಡುವವರು ಕಡಿಮೆ. ನೀವು ಒಂದು ಚೂಪಾದ ಸ್ಕ್ರೂಡ್ರೈವರ್ ತೆಗೆದುಕೊಂಡು ಪ್ರತಿ ಆಧಾರದ ಸುತ್ತಲಿನ ಮರವನ್ನು ಒತ್ತಿ ನೋಡಿ. ತುದಿ ಸುಲಭವಾಗಿ ಒಳಗಿಳಿದರೆ ಆ ಮೂಲೆಯನ್ನು ದುರಸ್ತಿ ಮಾಡಿಸುವವರೆಗೆ ಪ್ರಯಾಣ ಬೇಡ.

ಅಲ್ಯೂಮಿನಿಯಂ ಬೆಡ್ಡಿನ ಭಯಕ್ಕೆ ಬರೋಣ. ಫೋರ್ಡ್ 2015ರ ಮಾದರಿಯಿಂದ ಎಫ್-150ರ ದೇಹ ಮತ್ತು ಬೆಡ್ಡನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡುತ್ತಿದೆ. ಅದರ ಕೆಳಗಿನ ಫ್ರೇಮ್ ಈಗಲೂ ಉಕ್ಕಿನದೇ. ಬೆಡ್ಡಿನ ಅಲ್ಯೂಮಿನಿಯಂ ಕಾಗದದಂತೆ ಹರಿಯುವಷ್ಟು ದುರ್ಬಲವಲ್ಲ. ಆದರೆ ಉಕ್ಕಾಗಲಿ ಅಲ್ಯೂಮಿನಿಯಂ ಆಗಲಿ, ಬೆಡ್ಡಿನ ನೆಲದ ತಗಡು ಒಂದು ಚಿಕ್ಕ ವಾಷರಿನ ಮೂಲಕ ಬರುವ ಎಳೆತವನ್ನು ಬಹುಕಾಲ ತಾಳುವುದಿಲ್ಲ. ಐ-ಬೋಲ್ಟಿನ ಕೆಳಗೆ, ಬೆಡ್ಡಿನ ಅಡಿಯಲ್ಲಿ, ಅಂಗೈಯಗಲದ ದಪ್ಪ ತಟ್ಟೆ ಇರಲೇಬೇಕು. ಸಾಧ್ಯವಾದರೆ ಅದು ಬೆಡ್ಡಿನ ಅಡ್ಡತೊಲೆಗೆ ಆತುಕೊಂಡಿರಬೇಕು. ತಟ್ಟೆ ಉಕ್ಕಿನದಾದರೆ ಅದಕ್ಕೂ ಅಲ್ಯೂಮಿನಿಯಂಗೂ ನೇರ ಸ್ಪರ್ಶವಾಗದಂತೆ ನಡುವೆ ಬಣ್ಣ, ತೆಳು ಪ್ಲಾಸ್ಟಿಕ್ ಪದರ ಅಥವಾ ಸೀಲಂಟ್ ಹಾಕಿಸಿ. ಎರಡು ಬೇರೆ ಲೋಹಗಳು ಉಪ್ಪುನೀರಿನಲ್ಲಿ ಮುಟ್ಟಿಕೊಂಡಿದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಕೊಲರಾಡೊದಲ್ಲಿ ಹಿಮ ಕರಗಿಸಲು ರಸ್ತೆಗೆ ಮೆಗ್ನೀಸಿಯಂ ಕ್ಲೋರೈಡ್ ಸಿಂಪಡಿಸುವುದರಿಂದ ನಿಮಗೆ ಈ ಎಚ್ಚರಿಕೆ ಹೆಚ್ಚು ಅಗತ್ಯ. ಹೊಸ ತೂತು ಕೊರೆಯಬೇಕಾದರೆ ಮೊದಲು ಗಾಡಿಯ ಕೆಳಗೆ ಮಲಗಿ ಆ ಜಾಗದಲ್ಲಿ ಇಂಧನದ ಟ್ಯಾಂಕು, ಬ್ರೇಕಿನ ಕೊಳವೆ, ವೈರುಗಳು ಇಲ್ಲವೆಂಬುದನ್ನು ಕಣ್ಣಾರೆ ನೋಡಿಕೊಳ್ಳಿ. ಬೆಡ್ಡಿನ ಗೋಡೆಗಳಲ್ಲಿ ಕಾರ್ಖಾನೆಯಿಂದಲೇ ಬರುವ ಕೊಂಡಿಗಳಿವೆಯಲ್ಲ, ಅವು ಸಾಮಾನಿಗೆ ಹಗ್ಗ ಕಟ್ಟಲು ಇರುವಂಥವು. ಕ್ಯಾಂಪರನ್ನು ಅವುಗಳಿಗೆ ಬಿಗಿಯಬಾರದು.

ಐ-ಬೋಲ್ಟಿನ ವಿಷಯದಲ್ಲಿ ಹೆಚ್ಚಿನವರು ಎಡವುವ ಒಂದು ಅಂಶವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟರ್ನ್‌ಬಕಲ್ ನೆಟ್ಟಗೆ ಕೆಳಕ್ಕೆ ಎಳೆಯುತ್ತಿದ್ದರೆ ಅದು ಕ್ಯಾಂಪರ್ ಮೇಲೇಳುವುದನ್ನು ತಡೆಯುತ್ತದೆ, ಆದರೆ ಮುಂದೆ ಹಿಂದೆ ಜಾರುವುದನ್ನು ಬಹುಪಾಲು ತಡೆಯುವುದಿಲ್ಲ. ನೇರದಿಂದ 20 ಡಿಗ್ರಿ ಓರೆಯಾಗಿದ್ದರೆ ಅದರ ಸೆಳೆತದ ಮೂರನೇ ಒಂದು ಭಾಗ ಮಾತ್ರ ಅಡ್ಡಕ್ಕೆ ಒದಗುತ್ತದೆ. 45 ಡಿಗ್ರಿ ಓರೆಯಲ್ಲಿ ಶೇಕಡಾ 70ರಷ್ಟು ಅಡ್ಡಕ್ಕೂ ಅಷ್ಟೇ ಕೆಳಕ್ಕೂ ಒದಗುತ್ತದೆ. ಹಾಗಾಗಿ ಓರೆ ಬೇಕು, ಮತ್ತು ಮುಂದಿನ ಜೋಡಿ ಹಾಗೂ ಹಿಂದಿನ ಜೋಡಿ ಒಂದಕ್ಕೊಂದು ಎದುರು ದಿಕ್ಕಿಗೆ ಎಳೆಯಬೇಕು. ನಾಲ್ಕೂ ಒಂದೇ ಕಡೆಗೆ ವಾಲಿದ್ದರೆ ಇನ್ನೊಂದು ಕಡೆಗೆ ತಡೆಯೇ ಇಲ್ಲ. ಇಲ್ಲೇ ತೊಡಕು ಬರುತ್ತದೆ. ಭುಜವಿರುವ, ಅಂದರೆ ಕಣ್ಣಿನ ಬುಡದಲ್ಲಿ ಅಗಲವಾದ ಅಂಚು ಇರುವ, ಅರ್ಧ ಇಂಚಿನ ಬಡಿದ ಐ-ಬೋಲ್ಟಿಗೆ ನೇರ ಎಳೆತದಲ್ಲಿ 2,600 ಪೌಂಡ್ ಮಿತಿಯಿದ್ದರೆ, 45 ಡಿಗ್ರಿ ಓರೆಯಲ್ಲಿ ಅದು ಅದರ ಶೇಕಡಾ 30ಕ್ಕೆ, ಅಂದರೆ 780 ಪೌಂಡಿಗೆ ಇಳಿಯುತ್ತದೆ. ಭುಜವಿಲ್ಲದ, ತಂತಿ ಬಾಗಿಸಿದಂಥ ಐ-ಬೋಲ್ಟನ್ನು ಓರೆ ಎಳೆತಕ್ಕೆ ಬಳಸಲೇಬಾರದು. ಟರ್ನ್‌ಬಕಲ್ ದೊಡ್ಡದು ತಂದು ಐ-ಬೋಲ್ಟ್ ಹಾಗೇ ಬಿಟ್ಟರೆ ದುರ್ಬಲ ಕೊಂಡಿ ಒಂದು ಹೆಜ್ಜೆ ಕೆಳಗೆ ಸರಿಯಿತು, ಅಷ್ಟೆ. ಭುಜವಿರುವ 5/8 ಇಂಚಿನ ಐ-ಬೋಲ್ಟಿನ ನೇರ ಮಿತಿ 5,200 ಪೌಂಡ್, ಓರೆಯಲ್ಲಿ 1,560. ಅದು ನಿಮ್ಮ ಕೆಲಸಕ್ಕೆ ಸಾಕಾಗುತ್ತದೆ. ಭುಜ ತಟ್ಟೆಗೆ ಪೂರ್ತಿ ಕೂತಿರಬೇಕು, ಕಣ್ಣಿನ ಸಮತಲ ಎಳೆತದ ದಿಕ್ಕಿಗೆ ಸರಿಯಾಗಿ ತಿರುಗಿರಬೇಕು.

ಫ್ರೇಮಿಗೆ ಬಿಗಿಯುವ ಟೈ-ಡೌನ್ ಬಗ್ಗೆ ನಿಮ್ಮ ಮೂರನೆಯ ಸ್ನೇಹಿತರು ಹೇಳಿದ್ದರಲ್ಲಿ ಹುರುಳಿದೆ. ವಾಷಿಂಗ್ಟನ್ ರಾಜ್ಯದ ಟಾರ್ಕ್‌ಲಿಫ್ಟ್ ಸಂಸ್ಥೆಯ ಟೈ-ಡೌನ್‌ಗಳು ಈ ಬಗೆಯಲ್ಲಿ ಹೆಸರುವಾಸಿ. ಉಕ್ಕಿನ ಫ್ರೇಮಿಗೆ ಕೂರುವ ಬ್ರಾಕೆಟ್‌ಗಳಿಂದ ತೋಳುಗಳು ಬೆಡ್ಡಿನ ಹೊರಕ್ಕೆ ಚಾಚಿಕೊಳ್ಳುತ್ತವೆ, ಅವುಗಳಿಂದ ಸ್ಪ್ರಿಂಗ್ ಟರ್ನ್‌ಬಕಲ್‌ಗಳು ಕ್ಯಾಂಪರಿನ ಹೊರಮೂಲೆಗಳಿಗೆ ಏರುತ್ತವೆ. ಬೆಡ್ಡಿನ ತಗಡಿನ ಮೇಲೆ ಎಳೆತವೇ ಬೀಳುವುದಿಲ್ಲ, ಟರ್ನ್‌ಬಕಲ್ ಉದ್ದವಾಗಿದ್ದು ಹೊರಗೇ ಇರುವುದರಿಂದ ನಿಂತಲ್ಲಿಂದಲೇ ಪರೀಕ್ಷಿಸಬಹುದು. ಎರಡು ಮೂರು ಸಾವಿರ ಪೌಂಡಿನ, ಗಟ್ಟಿ ಗೋಡೆಯ ಕ್ಯಾಂಪರಿಗೆ ನಾನು ಸಲಹೆ ಕೊಡುವುದು ಇದನ್ನೇ. ಆದರೆ ನಿಮ್ಮದು ಒಳಗಿನಿಂದ ಬಿಗಿಯಲೆಂದೇ ವಿನ್ಯಾಸಗೊಂಡ ಹಗುರ ಕ್ಯಾಂಪರ್. ಅಂಥವುಗಳಲ್ಲಿ ಬಹಳಷ್ಟಕ್ಕೆ ಹೊರಮೂಲೆಗಳಲ್ಲಿ ಆಧಾರಬಿಂದುಗಳೇ ಇರುವುದಿಲ್ಲ. ಇಲ್ಲದ ಕಡೆ ಒಂದು ಕೊಂಡಿಯನ್ನು ಸ್ಕ್ರೂ ಹಾಕಿ ಕೂರಿಸಿ ಫ್ರೇಮಿನಿಂದ ಎಳೆದರೆ, ಬಲವಾದ ತುದಿ ದುರ್ಬಲ ತುದಿಯನ್ನು ಕಿತ್ತುಹಾಕುತ್ತದೆ. ಕ್ಯಾಂಪರ್ ತಯಾರಕರು ಹೊರ ಆಧಾರಕ್ಕೆ ಒಪ್ಪಿಗೆ ಕೊಟ್ಟು, ಚೌಕಟ್ಟಿಗೆ ಸೇರಿದ ತಟ್ಟೆಗಳನ್ನು ಒದಗಿಸಿದರೆ ಮಾತ್ರ ಈ ದಾರಿ ಹಿಡಿಯಿರಿ.

ಬೆಡ್ಡಿನ ಮೇಲಂಚಿಗೆ ಕಚ್ಚುವ ಕ್ಲಾಂಪುಗಳನ್ನು, ಅಂಚಿನ ಗುಂಡಿಗಳಿಗೆ ಕೂರುವ ಕೊಂಡಿಗಳನ್ನು ಅಲ್ಯೂಮಿನಿಯಂ ಬೆಡ್ಡಿಗೆ ನಾನು ಹಾಕಿಸುವುದಿಲ್ಲ. ಹಲ್ಲುಗಾಲಿಯ ಹಿಡಿಯಿಂದ ಬಿಗಿಯುವ ಬಟ್ಟೆಯ ರಾಚೆಟ್ ಪಟ್ಟಿಯ ವಿಷಯ ಬೇರೆ. ಎರಡು ಇಂಚಿನ ಒಳ್ಳೆಯ ಪಟ್ಟಿಯ ಮಿತಿ 3,333 ಪೌಂಡ್ ಇರುತ್ತದೆ, ಕಾಗದದ ಮೇಲೆ ಅದು ನಿಮ್ಮ ಟರ್ನ್‌ಬಕಲ್ಲಿಗಿಂತ ಬಲವಾದದ್ದು. ಆದರೆ ಚೂಪು ಅಂಚಿಗೆ ಉಜ್ಜಿದರೆ ಅದು ಕತ್ತರಿಸಿಹೋಗುತ್ತದೆ, ಬಿಸಿಲಿಗೆ ಬಳಲುತ್ತದೆ. ದಾರಿಯಲ್ಲಿ ಟರ್ನ್‌ಬಕಲ್ ಒಂದು ಕೈಕೊಟ್ಟರೆ ಮುಂದಿನ ಊರು ಮುಟ್ಟಲು ಎರಡು ಪಟ್ಟಿಗಳನ್ನು ಗಾಡಿಯಲ್ಲಿಟ್ಟುಕೊಳ್ಳಿ. ವರ್ಷಪೂರ್ತಿ ಅವುಗಳನ್ನೇ ನೆಚ್ಚಿಕೊಳ್ಳಬೇಡಿ.

ಹೀಗಾಗಿ ನಿಮಗೆ ನನ್ನ ಸಲಹೆ, ಒಳಗಿನಿಂದ ಬಿಗಿಯುವ ಏರ್ಪಾಡನ್ನೇ ಉಳಿಸಿಕೊಂಡು ಅದರ ಪ್ರತಿ ಕೊಂಡಿಯನ್ನೂ ಸರಿಪಡಿಸುವುದು. ಮಿತಿ ಅಚ್ಚೊತ್ತಿರುವ ಅರ್ಧ ಇಂಚಿನ, ಜಾ ಅಥವಾ ಕಣ್ಣಿನ ತುದಿಗಳ ನಾಲ್ಕು ಉಕ್ಕಿನ ಟರ್ನ್‌ಬಕಲ್‌ಗಳನ್ನು ಕೊಳ್ಳಿ. ನಡುವೆ ಶ್ಯಾಕಲ್ (ಪಿನ್ ಇರುವ U ಆಕಾರದ ಕೊಂಡಿ) ಅಥವಾ ಸಣ್ಣ ಕೊಂಡಿ ಬೇಕಾದರೆ ಅದರ ಮಿತಿಯೂ ಅಷ್ಟೇ ಇರಲಿ. ಸ್ಪ್ರಿಂಗ್ ಇರುವಂಥದಕ್ಕೆ ಬೆಡ್ಡಿನೊಳಗಿನ ಆ ಇಕ್ಕಟ್ಟಾದ ಕಿಂಡಿಯಲ್ಲಿ ಜಾಗವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಎಳೆದು ಮರಳುವ ಗುಣವನ್ನು ರಬ್ಬರ್ ಹಾಸಿನಿಂದಲೇ ಪಡೆಯಬೇಕು, ಅದಕ್ಕಾಗಿ ಗಟ್ಟಿಯಾದ, ಕಾಲು ಇಂಚಿಗಿಂತ ತೆಳ್ಳಗಿಲ್ಲದ ಹಾಸು ಹಾಕಿ. ಕ್ಯಾಂಪರಿನ ಬುಡ ಬೆಡ್ಡಿನ ಮುಂಗೋಡೆಗೆ ಮರದ ತುಂಡುಗಳ ಮೂಲಕ ಆತುಕೊಂಡಿರಲಿ, ಇಕ್ಕೆಲಗಳ ಅಂತರವನ್ನೂ ಮರದಿಂದ ತುಂಬಿ. ಬ್ರೇಕಿನ ಹೊಡೆತವನ್ನು ಗೋಡೆ ಹೊತ್ತರೆ ಟರ್ನ್‌ಬಕಲ್ಲಿಗೆ ಉಳಿಯುವ ಕೆಲಸ ಎಷ್ಟೋ ಕಡಿಮೆ. ನಾಲ್ಕು ಮರದ ತುಂಡುಗಳಿಂದ ಸಿಗುವ ಈ ಲಾಭವನ್ನು ಜನ ಏಕೆ ಬಿಡುತ್ತಾರೋ ನನಗೆ ತಿಳಿಯದು.

ಬಿಗಿಯುವ ಬಗೆಗೆ ಕ್ಯಾಂಪರ್ ತಯಾರಕರ ಕೈಪಿಡಿ ಏನು ಹೇಳುತ್ತದೋ ಅದೇ ಅಂತಿಮ. ಅದು ಸಿಗದಿದ್ದರೆ ನಾನು ಅನುಸರಿಸುವ ಕ್ರಮ ಹೀಗಿದೆ. ಮುಂದಿನ ಎರಡನ್ನು ಬರಿಗೈಯಿಂದ, ಒಂದು ಎಡ ಒಂದು ಬಲ ಎಂದು ಸರದಿಯಲ್ಲಿ, ಇನ್ನು ತಿರುಗದು ಎನ್ನುವವರೆಗೆ ತಿರುಗಿಸುತ್ತೇನೆ. ಆಮೇಲೆ ಹಿಂದಿನ ಎರಡನ್ನು ಹಾಗೆಯೇ. ಬಳಿಕ ಸಣ್ಣ ಸರಳಿನಿಂದ ನಾಲ್ಕಕ್ಕೂ ತಲಾ ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲು ಸುತ್ತು. ಅಷ್ಟಕ್ಕೆ ಸಾಕು. ಬೆಡ್ ಅಥವಾ ಕ್ಯಾಂಪರಿನ ತಗಡು ಒಳಸೆಳೆದುಕೊಳ್ಳುವುದು ಕಂಡರೆ, ಮರ ಕಿರುಗುಟ್ಟಿದರೆ ಹಿಂದಕ್ಕೆ ಬಿಡಬೇಕು. ಬಿಗಿದಾದ ಮೇಲೆ ಬೀಗವಿಲ್ಲದ ಟರ್ನ್‌ಬಕಲ್ ಅಪೂರ್ಣ. ಎರಡೂ ತುದಿಯ ಜಾಮ್ ನಟ್ (ದೇಹ ತಿರುಗದಂತೆ ತಡೆಯುವ ನಟ್) ಬಿಗಿಯಿರಿ, ಇಲ್ಲವೇ ದೇಹದ ನಡುವಿನಿಂದ ತಂತಿ ತೂರಿಸಿ ಎರಡೂ ತುದಿಯ ಕಣ್ಣಿಗೆ ಸುತ್ತಿ ಅದು ತಿರುಗದಂತೆ ಕಟ್ಟಿ. ನಾನು ಮಣ್ಣುರಸ್ತೆಗೆ ಹೋಗುವ ಗಾಡಿಗಳಿಗೆ ಎರಡನ್ನೂ ಮಾಡುತ್ತೇನೆ. ಪ್ಲಾಸ್ಟಿಕ್ ಜಿಪ್ ಟೈ ಬೀಗವಲ್ಲ. ಅದು ತುಂಡಾಗಿದ್ದರೆ ಏನೋ ತಿರುಗಿದೆ ಎಂಬ ಸುಳಿವು ಕೊಡುತ್ತದೆ, ಅಷ್ಟೇ ಅದರ ಉಪಯೋಗ. ನಟ್ಟಿನಿಂದ ದೇಹದವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ ಟಾರ್ಚಿನ ಬೆಳಕಿನಲ್ಲಿ ಒಂದು ನೋಟಕ್ಕೇ ಅದು ಕದಲಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಮೊದಲ 10 ಮೈಲಿಯ ಒಳಗೆ ಒಮ್ಮೆ ನಿಲ್ಲಿಸಿ ನಾಲ್ಕನ್ನೂ ಕೈಯಿಂದ ಅಲುಗಿಸಿ ನೋಡಿ, ಏಕೆಂದರೆ ಹಾಸು ಕುಳಿತುಕೊಳ್ಳುವುದು ಮುಖ್ಯವಾಗಿ ಆಗಲೇ. ನಂತರ ಇಂಧನಕ್ಕೆ ನಿಂತಾಗಲೆಲ್ಲ ನೋಡಿ. ಅಲೆಅಲೆಯಾದ ಮಣ್ಣುರಸ್ತೆಯಲ್ಲಿ ಅರ್ಧ ಗಂಟೆಗೊಮ್ಮೆ ನೋಡುವುದು ಅತಿಯೆನಿಸದು. ಬೆಡ್ಡಿನಿಂದ ಡಬ್ ಎಂಬ ಸದ್ದು ಬಂದರೆ, ಕನ್ನಡಿಯಲ್ಲಿ ಕ್ಯಾಂಪರಿನ ಅಂಚಿಗೂ ಬೆಡ್ಡಿನ ಅಂಚಿಗೂ ನಡುವಿನ ಅಂತರ ಬದಲಾದಂತೆ ಕಂಡರೆ, ಮುಂದಿನ ನಿಲುಗಡೆಯವರೆಗೆ ಕಾಯದೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಲೇಬೇಕು. ಚಾಲಕನ ಬಾಗಿಲ ಚೌಕಟ್ಟಿನಲ್ಲಿರುವ ಹಳದಿ ಮತ್ತು ಬಿಳಿ ಬಣ್ಣದ ಪಟ್ಟಿಯಲ್ಲಿ ಜನ ಮತ್ತು ಸರಕು ಸೇರಿ ಎಷ್ಟು ತೂಕ ಮೀರಬಾರದು ಎಂದು ಬರೆದಿರುತ್ತದೆ. ಒಂದೇ ಮಾದರಿಯ ಎರಡು ಎಫ್-150ಗಳಲ್ಲೂ ಅದು ಬೇರೆಯಾಗಿರಬಹುದು. ಕ್ಯಾಂಪರಿನ ಕಾಗದಪತ್ರದಲ್ಲಿರುವುದು ಖಾಲಿ ತೂಕ. 20 ಗ್ಯಾಲನ್ ನೀರು ತುಂಬಿದರೆ ಅದೊಂದೇ 167 ಪೌಂಡ್. ಎಲ್ಲ ತುಂಬಿಕೊಂಡು, ಮನೆಯವರೆಲ್ಲ ಕೂತು, ಹೆದ್ದಾರಿ ಬದಿಯ ಟ್ರಕ್ ನಿಲ್ದಾಣದ ಕ್ಯಾಟ್ ಸ್ಕೇಲ್ ತೂಕದ ಕಟ್ಟೆಯಲ್ಲಿ ಒಮ್ಮೆ ತೂಗಿಸಿ, ಹಿಂದಿನ ಅಚ್ಚಿನ ತೂಕವನ್ನು ಅದರ ಮಿತಿಯೊಂದಿಗೆ ಹೋಲಿಸಿ. ಕ್ಯಾಂಪರಿನ ಗುರುತ್ವಕೇಂದ್ರ ಹಿಂದಿನ ಅಚ್ಚಿನ ಮುಂದೆ ಬೀಳಬೇಕು. ಪಿಕಪ್ ತಯಾರಕರು ಆ ವಲಯವನ್ನು ತಿಳಿಸಬೇಕೆಂದು ಅಮೆರಿಕದ ನಿಯಮವೇ ಇದೆ, ಅದು ನಿಮ್ಮ ಕೈಪಿಡಿಯಲ್ಲಿ ಅಥವಾ ಗಾಡಿಯೊಂದಿಗೆ ಬಂದ ಕಾಗದಗಳಲ್ಲಿ ಸಿಗುತ್ತದೆ. ನಿಮ್ಮ ಮಾದರಿಗೆ ಇಂಥ ಕ್ಯಾಂಪರ್ ಬೇಡ ಎಂದು ಅಲ್ಲಿ ಬರೆದಿದ್ದರೆ ಎಂಥ ಟೈ-ಡೌನ್ ಹಾಕಿಸಿದರೂ ಆ ಮಾತು ಬದಲಾಗುವುದಿಲ್ಲ.

ಚಳಿಗಾಲದಲ್ಲಿ ಕ್ಯಾಂಪರನ್ನು ಪಿಕಪ್ಪಿನ ಮೇಲೇ ಬಿಡಬಹುದು, ಇಳಿಸಲೇಬೇಕೆಂದಿಲ್ಲ. ಗಾಡಿ ನಿಂತೇ ಇರುವುದಾದರೆ ಟರ್ನ್‌ಬಕಲ್‌ಗಳನ್ನು ಒಂದೊಂದು ಸುತ್ತು ಸಡಿಲಿಸಿ, ಮರೆಗಳಿಗೆ ಗ್ರೀಸ್ ಹಚ್ಚಿಡಿ, ಮತ್ತು ಗಾಡಿ ತೆಗೆಯುವ ಮುನ್ನ ಬಿಗಿಯಬೇಕೆಂಬುದು ಮರೆಯದಂತೆ ಸ್ಟೀರಿಂಗಿಗೆ ಒಂದು ಚೀಟಿ ಕಟ್ಟಿ. ಚಳಿಗಾಲದಲ್ಲಿಯೂ ಓಡಿಸುವುದಾದರೆ ಹಿಮರಸ್ತೆಯಿಂದ ಬಂದಾಗಲೆಲ್ಲ ಬೆಡ್ಡಿನ ಅಡಿಯನ್ನೂ ತಟ್ಟೆಗಳ ಸುತ್ತಲನ್ನೂ ಸಿಹಿನೀರಿನಿಂದ ತೊಳೆಯಿರಿ. ವಸಂತದಲ್ಲಿ ಒಮ್ಮೆ ಕ್ಯಾಂಪರನ್ನು ಪೂರ್ತಿ ಇಳಿಸಿ, ಹಾಸು ಎತ್ತಿ, ಐ-ಬೋಲ್ಟುಗಳ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆದಿದೆಯೇ, ತೂತು ಉದ್ದುದ್ದಕ್ಕೆ ಹಿಗ್ಗಿದೆಯೇ, ಬಿರುಕು ಹೊರಟಿದೆಯೇ ಎಂದು ನೋಡಿ. ಬಿರುಕು ಕಂಡರೆ ಅದನ್ನು ದೊಡ್ಡ ವಾಷರಿನಿಂದ ಮುಚ್ಚಿ ಹೊರಡಬೇಡಿ. ಅಲ್ಯೂಮಿನಿಯಂ ದೇಹದ ಕೆಲಸ ಬಲ್ಲ ಅಂಗಡಿಗೆ ಕೊಟ್ಟು ಆ ಜಾಗವನ್ನು ಸರಿಪಡಿಸಿ, ಐ-ಬೋಲ್ಟನ್ನು ಅಡ್ಡತೊಲೆಯ ಮೇಲೆ ಬರುವಂತೆ ಬೇರೆಡೆಗೆ ಸರಿಸಲು ಹೇಳಿ.